ನಿಮಗಿದು ಗೊತ್ತೇ? ಎದುರುಗಾಳಿಗೆ ಏರುವ ಉದ್ದ ಕೀಲಿನ ದೋಣಿ

ಜಗತ್ತಿನ ಯಾವ ಹಾಯಿದೋಣಿಯೂ ಗಾಳಿ ಬರುವ ದಿಕ್ಕಿಗೆ ನೇರವಾಗಿ ಮುಖಮಾಡಿ ಸಾಗಲಾರದು. ಹಾಗೆ ತಿರುಗಿಸಿ ನಿಲ್ಲಿಸಿದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ಮೆಲ್ಲಗೆ ಹಿಂದಕ್ಕೆ ಸರಿಯತೊಡಗುತ್ತದೆ. ಆದರೂ ಎದುರುಗಾಳಿಯಲ್ಲಿ ದೋಣಿಗಳು ದಡ ಮುಟ್ಟುತ್ತವೆ. ಸ್ವಲ್ಪ ದೂರ ಎಡಕ್ಕೆ ಓರೆ, ಸ್ವಲ್ಪ ದೂರ ಬಲಕ್ಕೆ ಓರೆ. ಹೀಗೆ ಅಂಕುಡೊಂಕು ದಾರಿ ಹಿಡಿದು ಗಾಳಿಯ ಎದುರಿಗೇ ಏರುತ್ತವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಓದುಗರಿಗೆ ಇದು ದೂರದ ಮಾತು ಅನ್ನಿಸೀತು. ಕಡಲು ಇರುವುದು ಘಟ್ಟದಾಚೆ. ಆದರೆ ಆಷಾಢದ ಗಾಳಿ ನಮ್ಮ ಮನೆಬಾಗಿಲಿಗೇ ಬರುತ್ತದೆ. ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರದ ರೆಕ್ಕೆ ಮತ್ತು ಎದುರುಗಾಳಿಯಲ್ಲಿ ಏರುವ ಹಾಯಿ, ಇವೆರಡೂ ಕೆಲಸ ಮಾಡುವುದು ಒಂದೇ ನಿಯಮದ ಮೇಲೆ. ಜೊತೆಗೆ, ಕೀಲ್ ಎಂಬುದೇ ಇಲ್ಲದ ದೋಣಿ ಹೇಗಿರುತ್ತದೆ ಎಂಬುದನ್ನು ಈ ಭಾಗದವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಗಾಳಿ ಹಾಯಿಯನ್ನು ಹಿಂದಿನಿಂದ ನೂಕುತ್ತದೆ ಎಂಬುದು ಅರ್ಧ ಮಾತು ಮಾತ್ರ. ಗಾಳಿ ಬೆನ್ನಿಗಿದ್ದಾಗ ಅದು ನಿಜ. ಎದುರುಗಾಳಿಯಲ್ಲಿ ಹಾಯಿ ಬಾಗಿದ ರೆಕ್ಕೆಯಾಗುತ್ತದೆ. ಅದರ ಎರಡು ಮೈಗಳ ಮೇಲೂ ಗಾಳಿ ಹರಿದು, ಒಂದು ಕಡೆ ಒತ್ತಡ ಇಳಿದು, ಇನ್ನೊಂದು ಕಡೆ ಏರಿ, ಹಾಯಿಯನ್ನು ಅಡ್ಡಕ್ಕೆ ಎಳೆಯುವ ಬಲ ಹುಟ್ಟುತ್ತದೆ. ಆ ಬಲದಲ್ಲಿ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಮುಂದಕ್ಕೆ ಒಯ್ಯುವುದು ಸಣ್ಣ ಪಾಲು. ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಏನಾದರೂ ಹಿಡಿದುಕೊಂಡರೆ ಮಾತ್ರ ಆ ಸಣ್ಣ ಪಾಲು ಪ್ರಯೋಜನಕ್ಕೆ ಬರುತ್ತದೆ. ಹಾಗೆ ಹಿಡಿದುಕೊಳ್ಳುವುದೇ ಕೀಲ್: ದೋಣಿಯ ತಳದಿಂದ ನೀರಿಗಿಳಿದ ಗಟ್ಟಿ ಹಲಗೆ.

ಹರಿಗೋಲಿಗೆ ಕೀಲ್ ಇಲ್ಲ. ಮೂತಿಯೂ ಇಲ್ಲ, ಬಾಲವೂ ಇಲ್ಲ. ಬಿದಿರು ಹೆಣೆದ ದುಂಡನೆಯ ಬುಟ್ಟಿ, ಮೇಲೆ ಒಂದು ಕಾಲಕ್ಕೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆಗಳ ನಡುವೆ ನುಸುಳುತ್ತದೆ. ತುಂಗಭದ್ರೆಯ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ದೋಣಿ ಇನ್ನೊಂದಿಲ್ಲ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರು, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರು. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಆಕಾರ ಬದಲಾಗಿಲ್ಲ.

ಇಂಥ ಹರಿಗೋಲಿಗೆ ಹಾಯಿ ಕಟ್ಟಿದರೆ ಏನಾಗುತ್ತದೆ? ಗಾಳಿ ಎತ್ತ ಬೀಸುತ್ತದೋ ಅತ್ತ ಹೋಗುತ್ತದೆ, ಅಷ್ಟೆ. ಹಿಡಿದುಕೊಳ್ಳಲು ನೀರಿನೊಳಗೆ ಏನೂ ಇಲ್ಲ.

ಹಡಗಲಿಯ ಹೂವು ವಿಜಯನಗರದ ಕಾಲದಲ್ಲಿ ಹೊಳೆಯ ದಾರಿಯಲ್ಲೇ ಹಂಪಿಗೆ ಹೋಗುತ್ತಿತ್ತು ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಹೋಗುವುದು ಸುಲಭ, ಹೊಳೆಯೇ ಒಯ್ಯುತ್ತದೆ. ಬರುವುದು ಹೇಗೆ? ಹರಿಗೋಲಿನವರು ಇದಕ್ಕೆ ಕಂಡುಕೊಂಡ ಉತ್ತರ ಇಂದಿಗೂ ಅದೇ: ದೋಣಿಯನ್ನು ತಲೆಯ ಮೇಲೆ ಬೋರಲು ಹೊತ್ತು ದಡದುದ್ದಕ್ಕೂ ನಡೆದು ಬರುವುದು.

ವಿಜಯನಗರದ ಕುದುರೆ ಲಾಯಗಳಿಗೂ ಎದುರುಗಾಳಿಗೂ ಸಂಬಂಧವಿದೆ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಭಟ್ಕಳದಂಥ ಬಂದರುಗಳಿಗೆ ಹಾಯಿಹಡಗಿನಲ್ಲಿ ಬಂದಿಳಿದು, ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಆ ಹಡಗುಗಳ ಮುಮ್ಮೂಲೆಯ ಹಾಯಿ ಒಂದಿಷ್ಟು ಎದುರುಗಾಳಿಯನ್ನೂ ತಾಳುತ್ತಿತ್ತು, ನಿಜ. ಆದರೆ ಸರಕು ತುಂಬಿಕೊಂಡು ತಿಂಗಳುಗಟ್ಟಲೆ ಮಾನ್ಸೂನಿನ ಎದುರು ಗುದ್ದಾಡುವುದು ಯಾವ ನಾವಿಕನಿಗೂ ಬೇಡವಾಗಿತ್ತು. ಅರಬ್ಬೀ ಸಮುದ್ರದಲ್ಲಿ ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಬರುವುದಕ್ಕೊಂದು ಕಾಲ, ಹೋಗುವುದಕ್ಕೊಂದು ಕಾಲ. ಇಮ್ಮಡಿ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹೊರಡುವಾಗ ಆ ಕಾಲ ತಪ್ಪಿಸಿಕೊಂಡು ಅರಬ್ ಕರಾವಳಿಯಲ್ಲೇ ಬಹಳ ದಿನ ಕಾಯಬೇಕಾಯಿತು. ಗಾಳಿ ಒಲಿದ ಮೇಲೆ ಕಲ್ಲಿಕೋಟೆ ತಲುಪಲು ಅವನಿಗೆ ಹಿಡಿದದ್ದು ಹದಿನೆಂಟೇ ದಿನ. ಮರಳಿ ಹೋದದ್ದು ಹೊನ್ನಾವರದಿಂದ, 1444ರ ಆರಂಭದಲ್ಲಿ, ಅದಕ್ಕೆ ಹೊಂದುವ ಗಾಳಿ ಹಿಡಿದು.

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಹಡಗುಗಳಿಗೆ ಈಗ ಎಂಜಿನ್ ಇದೆ. ಆದರೂ ಮಳೆಗಾಲದಲ್ಲಿ ಅವು ಸಂಚಾರ ನಿಲ್ಲಿಸುತ್ತವೆ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಹಡಗಿನಲ್ಲಿ ಹಲಗೆಗಳನ್ನು ಮೊಳೆಯಿಂದ ಜೋಡಿಸಿಲ್ಲ. ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅಜಂತಾದ 5ನೇ ಶತಮಾನದ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ಗೋವಾದಲ್ಲಿ ಕಟ್ಟಿದ ಹಡಗು ಇದು. ನಕ್ಷೆ ಇರಲಿಲ್ಲ, ಚಿತ್ರ ನೋಡಿಯೇ ಅಳತೆ ಕಂಡುಕೊಳ್ಳಬೇಕಿತ್ತು. ಮಾದರಿಯ ಪರೀಕ್ಷೆಗೆ ನೆರವಾದದ್ದು ಮದ್ರಾಸ್ ಐಐಟಿ. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ಚೌಕನೆಯ ಹಾಯಿ, ಚುಕ್ಕಾಣಿಯ ಬದಲು ಹಿಂಬದಿಯಲ್ಲಿ ಉದ್ದನೆಯ ಹುಟ್ಟು. ಇಂಥ ಹಡಗು ಬೆನ್ನಗಾಳಿಗೆ, ಓರೆಗಾಳಿಗೆ ಹೇಳಿ ಮಾಡಿಸಿದ್ದು. ಅದು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನ ಕಡೆಗೆ ಹೊರಟದ್ದು ಈಶಾನ್ಯದ ಗಾಳಿಯ ಋತುವಿನಲ್ಲಿ. ನಮ್ಮ ಹಿರಿಯರು ಆರಿಸುತ್ತಿದ್ದದ್ದೂ ಅದೇ ಋತುವನ್ನು.

ಹಾಗಾದರೆ ಉದ್ದ ಕೀಲ್ ಎಂದರೇನು?

ಮುಂತುದಿಯ ಹತ್ತಿರ ಶುರುವಾಗಿ ಹಿಂತುದಿಯವರೆಗೂ ತಳದುದ್ದಕ್ಕೆ ಓಡುವ ಕೀಲ್. ಅದರ ಹಿಂಬದಿಯ ಅಂಚಿಗೇ ಚುಕ್ಕಾಣಿ ತೂಗುಹಾಕಿರುತ್ತದೆ. ಹಳೆಯ ದೋಣಿಗಳೆಲ್ಲ ಬಹುಪಾಲು ಹೀಗೇ. ಇಂದಿನ ಪಂದ್ಯದ ದೋಣಿಗಳಲ್ಲಿ ಕೀಲ್ ಕಿರಿದಾಗಿ, ಆಳವಾಗಿ, ಮೀನಿನ ರೆಕ್ಕೆಯ ಆಕಾರದಲ್ಲಿ ನಡುವೆ ಇಳಿದಿರುತ್ತದೆ. ಚುಕ್ಕಾಣಿ ಬೇರೆಯೇ ಇರುತ್ತದೆ.

ಉದ್ದ ಕೀಲಿನ ದೋಣಿ ನೆಟ್ಟಗೆ ಓಡುತ್ತದೆ. ಕೈಬಿಟ್ಟರೂ ದಾರಿ ಬಿಡುವುದಿಲ್ಲ. ತಳ ನೆಲಕ್ಕೆ ತಾಗಿದರೆ ಚುಕ್ಕಾಣಿ ಮುರಿಯುವ ಭಯ ಕಡಿಮೆ. ಮೊಟ್ಟಮೊದಲು ಒಬ್ಬಂಟಿಯಾಗಿ ಭೂಮಿ ಸುತ್ತಿದ ಜೋಶುವಾ ಸ್ಲೋಕಮ್ (1895-98) ತನ್ನ 'ಸ್ಪ್ರೇ' ದೋಣಿಯಲ್ಲಿ ದಿನಗಟ್ಟಲೆ ಚುಕ್ಕಾಣಿ ಮುಟ್ಟದೆ ಸಾಗಿದ್ದ. ಅದೂ ಉದ್ದ ಕೀಲಿನದೇ.

ಎಲ್ಲೂ ನಿಲ್ಲದೆ, ಒಬ್ಬರೇ, ಭೂಮಿಯನ್ನು ಸುತ್ತಿದ ಮೊದಲ ದೋಣಿ ಹುಟ್ಟಿದ್ದು ಮುಂಬಯಿಯಲ್ಲಿ ಎಂದರೆ ನಂಬುತ್ತೀರಾ? ಹೆಸರು 'ಸುಹೇಲಿ'. 32 ಅಡಿ ಉದ್ದ, ತೇಗದ ಮೈ, ಉದ್ದ ಕೀಲ್. ಅಲ್ಲಿನ ಬಡಗಿಗಳು ಬಾಚಿಯಿಂದ ಕೆತ್ತಿ, ಕೈ ಬೈರಿಗೆಯಿಂದ ತೂತು ಕೊರೆದು 1960ರ ದಶಕದಲ್ಲಿ ಕಟ್ಟಿದ ದೋಣಿ ಅದು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಿಟ್ಟು 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಅದೊಂದು ಸ್ಪರ್ಧೆ. ಹೊರಟವರು ಒಂಬತ್ತು ಜನ, ಮುಗಿಸಿದವರು ಅವರೊಬ್ಬರೇ. ಸುಹೇಲಿ ಆ ಗುಂಪಿನ ನಿಧಾನದ ದೋಣಿಗಳಲ್ಲೊಂದು. ಎದುರುಗಾಳಿಯಲ್ಲಂತೂ ಬಡಪಾಯಿ. ಗೆದ್ದದ್ದು ಮುರಿಯದೆ ಉಳಿದದ್ದರಿಂದ.

ಅದೇ ಸ್ಪರ್ಧೆಯನ್ನು 2018ರಲ್ಲಿ ಹಳೆಯ ರೀತಿಯಲ್ಲೇ ಮತ್ತೆ ನಡೆಸಿದರು. ದೋಣಿ 32ರಿಂದ 36 ಅಡಿ ಇರಬೇಕು, ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಉದ್ದ ಕೀಲ್ ಇರಬೇಕು, ಚುಕ್ಕಾಣಿ ಕೀಲಿನ ಅಂಚಿಗೇ ಇರಬೇಕು. ಜಿಪಿಎಸ್ ನೋಡಿ ದಾರಿ ಹಿಡಿಯುವಂತಿಲ್ಲ. ನೌಕಾಪಡೆಯ ಅಭಿಲಾಷ್ ಟಾಮಿ ಅದಕ್ಕೆ ಇಳಿದದ್ದು ಗೋವಾದಲ್ಲಿ ಕಟ್ಟಿದ, ಸುಹೇಲಿಯದೇ ಪಡಿಯಚ್ಚಾದ 'ತುರೀಯಾ'ದಲ್ಲಿ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ದೋಣಿಯನ್ನು ಉರುಳಿಸಿತು, ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಫ್ರಾನ್ಸಿನ ಹಡಗೊಂದು ಅವರನ್ನು ಕಾಪಾಡಿತು. ಅವರು ಬಿಡಲಿಲ್ಲ. 2022ರಲ್ಲಿ ಮತ್ತೆ ಹೊರಟು, 'ಬಯಾನತ್' ಎಂಬ ಇನ್ನೊಂದು ಉದ್ದ ಕೀಲಿನ ದೋಣಿಯಲ್ಲಿ 236 ದಿನ ಕಳೆದು, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಮುಟ್ಟಿದರು. ಎರಡು ದಿನ ಮೊದಲು ಮುಟ್ಟಿ ಗೆದ್ದವರು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನಾಯ್‌ಶೇಫರ್. ಇಂಥ ಸ್ಪರ್ಧೆ ಗೆದ್ದ ಮೊದಲ ಮಹಿಳೆ.

ಉದ್ದ ಕೀಲಿನ ಕೊರತೆ ಎಲ್ಲಿದೆ?

ಗಾಳಿಯಂತ್ರದ ರೆಕ್ಕೆ ಏಕೆ ಅಷ್ಟು ನೀಳ, ಅಷ್ಟು ಸಪೂರ ಎಂದು ಯೋಚಿಸಿದ್ದೀರಾ? ಅದೇ ವಿಸ್ತೀರ್ಣದ ಗಿಡ್ಡ ಅಗಲ ರೆಕ್ಕೆ ಮಾಡಿದರೆ, ತುದಿಯಲ್ಲಿ ಗಾಳಿ ಸುತ್ತಿಕೊಂಡು ಸೋರಿ ಹೋಗಿ ಶಕ್ತಿ ವ್ಯರ್ಥವಾಗುತ್ತದೆ. ನೀರಿನಲ್ಲಿ ಕೀಲ್ ಕೂಡ ಒಂದು ರೆಕ್ಕೆಯೇ. ಉದ್ದ ಕೀಲ್ ಎಂದರೆ ಗಿಡ್ಡ ಅಗಲ ರೆಕ್ಕೆ. ಅದರ ಕೆಳ ಅಂಚಿನಡಿ ನೀರು ನುಸುಳಿ ಆಚೆ ಬದಿಗೆ ಹೋಗುತ್ತದೆ, ಹಿಡಿತ ಸಡಿಲಾಗುತ್ತದೆ. ಜೊತೆಗೆ ನೀರಿಗೆ ಉಜ್ಜುವ ಮೈ ಹೆಚ್ಚು, ಹಾಗಾಗಿ ವೇಗವೂ ಕಡಿಮೆ.

ಈ ಎರಡನೆಯ ಮಾತೇ ಮುಖ್ಯ. ನೀರಿನಲ್ಲಿ ಕೀಲಿನ ಹಿಡಿತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 3 ನಾಟ್ ವೇಗದಲ್ಲಿರುವ ಹಿಡಿತ 5 ನಾಟ್‌ಗೆ ಬಂದಾಗ ಸುಮಾರು 2.8 ಪಟ್ಟಾಗುತ್ತದೆ. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.) ಆದ್ದರಿಂದ ಉದ್ದ ಕೀಲಿನ ದೋಣಿ ಮೊದಲು ಓಡಬೇಕು, ಆಮೇಲೆ ಏರಬೇಕು. ಮುಂದೆ ಬರುವ ಉಪಾಯಗಳೆಲ್ಲ ಈ ಒಂದು ಮಾತಿನ ಬೇರೆ ಬೇರೆ ಮುಖಗಳು.

ಮೂತಿಯನ್ನು ಗಾಳಿಗೆ ಆದಷ್ಟು ಹತ್ತಿರ ಹಿಡಿದರೆ ಬೇಗ ಸೇರುತ್ತೇವೆ ಎಂಬ ಭ್ರಮೆ ಹೊಸಬರಿಗೆಲ್ಲ ಇರುತ್ತದೆ. ಲೆಕ್ಕ ಹಾಕಿ ನೋಡಿ. ದೋಣಿಯನ್ನು ಗಾಳಿಗೆ 45 ಡಿಗ್ರಿಯಲ್ಲಿ ಹಿಡಿದಿರಿ. ವೇಗ 3.8 ನಾಟ್‌ಗೆ ಇಳಿಯಿತು, ಹಿಡಿತವಿಲ್ಲದೆ 10 ಡಿಗ್ರಿ ಪಕ್ಕಕ್ಕೆ ಜಾರಿತು. ನಿಜವಾದ ದಾರಿ 55 ಡಿಗ್ರಿ. ಗಾಳಿಯ ಎದುರಿಗೆ ನೀವು ಗಳಿಸಿದ್ದು ಸುಮಾರು 2.2 ನಾಟ್. ಈಗ ಮೂತಿಯನ್ನು 50 ಡಿಗ್ರಿಗೆ ಬಿಡಿ. ವೇಗ 5 ನಾಟ್, ಜಾರುವುದು 5 ಡಿಗ್ರಿ. ದಾರಿ ಅದೇ 55 ಡಿಗ್ರಿ, ಆದರೆ ಗಳಿಕೆ ಸುಮಾರು 2.9. ದಾರಿ ಒಂದೇ, ಗಳಿಕೆಯಲ್ಲಿ ಕಾಲು ಭಾಗಕ್ಕೂ ಮಿಕ್ಕಿದ ಹೆಚ್ಚಳ. ಮಾಡಿದ್ದು ಮೂತಿಯನ್ನು ಐದು ಡಿಗ್ರಿ ಬಿಟ್ಟದ್ದು ಮಾತ್ರ!

45 ಡಿಗ್ರಿಯ ಓರೆಯಲ್ಲಿ 10 ಕಿ.ಮೀ. ಎದುರು ಹೋಗಲು 14 ಕಿ.ಮೀ. ಓಡಬೇಕು. 55 ಡಿಗ್ರಿಯಲ್ಲಿ 17.4 ಕಿ.ಮೀ. 60 ಡಿಗ್ರಿಯಲ್ಲಿ ಸರಿಯಾಗಿ 20.

ಕೊಟ್ಟೂರಿನಿಂದ ಕೂಡ್ಲಿಗಿಗೆ ಬೈಕಿನಲ್ಲಿ ಹೊರಟಾಗ ಗಾಳಿಯೇ ಇಲ್ಲದ ದಿನವೂ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲ, ದೋಣಿಗೂ ಹಾಗೇ. 12 ನಾಟ್ ಗಾಳಿಗೆ 50 ಡಿಗ್ರಿ ಓರೆಯಲ್ಲಿ 5 ನಾಟ್ ವೇಗದಲ್ಲಿ ಓಡುವ ದೋಣಿಯ ಮೇಲೆ ನಿಂತವರಿಗೆ ಸುಮಾರು 15.7 ನಾಟ್ ಗಾಳಿ ಬಡಿಯುತ್ತದೆ, ಅದೂ 36 ಡಿಗ್ರಿಯ ಓರೆಯಿಂದ. ಹಾಯಿ ಕಾಣುವುದು ಈ ಗಾಳಿಯನ್ನೇ. ಗಾಳಿಯ ಬಲವೂ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹಾಯಿಗೆ ಸಿಗುವ ಬಲ 1.7 ಪಟ್ಟು.

ಮೊದಲ ಕೆಲಸ ನೀರಿನ ಕೆಳಗೆ

ಕಡಲಲ್ಲಿ ಕೆಲವೇ ವಾರ ನಿಂತ ದೋಣಿಯ ತಳದಲ್ಲಿ ಮೊದಲು ಜಾರುವ ಲೋಳೆ, ಆಮೇಲೆ ಹಸಿರು ಪಾಚಿ, ಆಮೇಲೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಸಣ್ಣ ಜೀವಿಗಳು ಬೆಳೆಯುತ್ತವೆ. ಅಂಗೈ ಆಡಿಸಿದರೆ ಚರ್ಮ ಹರಿಯುವಷ್ಟು ಒರಟು. ಉದ್ದ ಕೀಲಿನ ದೋಣಿಗೆ ನೀರಿನಡಿಯ ಮೈ ಹೆಚ್ಚಿರುವುದರಿಂದ ಪೆಟ್ಟೂ ಹೆಚ್ಚು. 2022ರ ಆ ಭೂಪ್ರದಕ್ಷಿಣೆಯ ಸ್ಪರ್ಧೆಯಲ್ಲೇ ಬಾರ್ನಕಲ್ ಕಾಟದಿಂದ ನಡುದಾರಿಯಲ್ಲಿ ಬಂದರಿಗೆ ಹೋಗಬೇಕಾಗಿ ಬಂದವರಿದ್ದಾರೆ. ತಳ ಕೆರೆದು, ಉಜ್ಜಿ, ಜೀವಿಗಳು ಅಂಟದಂಥ ಬಣ್ಣ ಬಳಿಯುವುದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಮೂರು ಎಲೆಯ ಸ್ಥಿರ ಪ್ರೊಪೆಲ್ಲರ್ ಎಂಜಿನ್ ಆರಿಸಿದ ಮೇಲೆ ಬರೀ ತಡೆ. ಸಣ್ಣ ದೋಣಿಯಲ್ಲಿ ಅರ್ಧ ನಾಟ್‌ವರೆಗೂ ವೇಗ ತಿನ್ನಬಲ್ಲದು. ಇಲ್ಲಿ ಉದ್ದ ಕೀಲಿಗೆ ಒಂದು ಅನುಕೂಲವಿದೆ. ಅದರಲ್ಲಿ ಪ್ರೊಪೆಲ್ಲರ್ ಇರುವುದು ಕೀಲಿನ ಹಿಂಬದಿಯ ಕಿಂಡಿಯಲ್ಲಿ. ಎರಡು ಎಲೆಯದಾದರೆ ಅದನ್ನು ನೆಟ್ಟಗೆ ಮೇಲೆ ಕೆಳಗೆ ನಿಲ್ಲಿಸಿ ಕೀಲಿನ ಮರೆಯಲ್ಲಿ ಅಡಗಿಸಬಹುದು. ಎಲೆ ಯಾವಾಗ ನೆಟ್ಟಗಿದೆ ಎಂದು ಒಳಗಿನಿಂದ ಗೊತ್ತಾಗಲು ಶಾಫ್ಟಿನ ಮೇಲೆ ಒಂದು ಗೆರೆ ಬಣ್ಣ ಹಚ್ಚಿಕೊಂಡರಾಯಿತು. ದೋಣಿ ದಡದ ಮೇಲಿದ್ದಾಗ ಹಚ್ಚಬೇಕು, ಮರೆಯಬಾರದು. ದುಡ್ಡಿದ್ದವರು ಎಲೆಗಳು ತಾವಾಗಿಯೇ ನೀರಿನ ಹರಿವಿಗೆ ಹೊಂದಿ ತಿರುಗುವ ಪ್ರೊಪೆಲ್ಲರ್ ಹಾಕಿಸುತ್ತಾರೆ.

ಕೀಲ್ ಮತ್ತು ಚುಕ್ಕಾಣಿಯ ನಡುವಿನ ಸಂದು ಅಗಲವಾಗಿದ್ದರೆ ನೀರು ಅಲ್ಲಿ ಆಚೀಚೆ ಸೋರಿ ಎರಡರ ಹಿಡಿತವನ್ನೂ ಕೆಡಿಸುತ್ತದೆ. ಸಂದು ಮುಚ್ಚುವ ಪಟ್ಟಿ, ಚುಕ್ಕಾಣಿಯ ಹಿಂದಂಚನ್ನು ತೆಳ್ಳಗೆ ನಯಮಾಡುವುದು ಇವು ಸಣ್ಣ ಕೆಲಸ, ಫಲ ದೊಡ್ಡದು.

ಹಾಯಿ

ಹಳೆಯ ಹಾಯಿ ಹರಿದಿಲ್ಲ ಎಂದ ಮಾತ್ರಕ್ಕೆ ಅದು ಒಳ್ಳೆಯ ಹಾಯಿಯಲ್ಲ. ವರ್ಷಗಳ ಬಿಸಿಲು, ಎಳೆತದಿಂದ ಬಟ್ಟೆ ಹಿಗ್ಗಿ ಜೋತು ಬೀಳುತ್ತದೆ. ಉಬ್ಬು ಮುಂಭಾಗದಲ್ಲಿ ಇರಬೇಕಾದದ್ದು ಹಿಂದಕ್ಕೆ ಸರಿಯುತ್ತದೆ. ಆಗ ಹಾಯಿಯ ಬಲ ಮುಂದಕ್ಕೆ ಎಳೆಯುವ ಬದಲು ಅಡ್ಡಕ್ಕೆ ತಳ್ಳಿ ದೋಣಿಯನ್ನು ವಾಲಿಸುತ್ತದೆ. ಉದ್ದ ಕೀಲಿನ ದೋಣಿಗಳನ್ನು ಎದುರುಗಾಳಿಗೆ ಬಾರದವು ಎಂದು ಜರಿಯುವವರು ಎಷ್ಟೋ ಸಲ ಜರಿಯಬೇಕಾದದ್ದು ಅದರ ಮೇಲಿರುವ ಇಪ್ಪತ್ತು ವರ್ಷದ ಹಾಯಿಯನ್ನು. ಇದು ನನ್ನ ದೃಢವಾದ ಅಭಿಪ್ರಾಯ.

ಹೊಸ ಹಾಯಿಗೆ ದುಡ್ಡಿಲ್ಲವೇ? ಹಾಯಿ ಏರಿಸುವ ಹಗ್ಗವನ್ನು ಇನ್ನಷ್ಟು ಬಿಗಿಯಿರಿ, ಉಬ್ಬು ಮುಂದಕ್ಕೆ ಬರುತ್ತದೆ. ಮುಂದಿನ ಹಾಯಿಯನ್ನು ಹೊತ್ತ ಮುಂದಿನ ತಂತಿ ಜೋತಾಡದಂತೆ ಹಿಂದಿನ ತಂತಿ ಎಳೆದು ಕಟ್ಟಿ. ಮರದ ಹಳೇ ದೋಣಿಯಾದರೆ ಇದರಲ್ಲಿ ಮಿತಿ ಇರಲಿ. ಅತಿಯಾಗಿ ಬಿಗಿದರೆ ದೋಣಿಯ ಮೈಯೇ ಬಾಗಿ ಹಲಗೆಯ ಸಂದು ಬಿಡುತ್ತದೆ.

ಒಂದು ಗೇಣು ಉಣ್ಣೆಯ ದಾರ ಲಕ್ಷಾಂತರ ರೂಪಾಯಿಯ ಉಪಕರಣಕ್ಕೆ ಸಮ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಮುಂದಿನ ಹಾಯಿಯ ಮುಂಅಂಚಿನಿಂದ ಸ್ವಲ್ಪ ಹಿಂದೆ, ಎರಡೂ ಮೈಗೆ, ಮೂರು ಎತ್ತರಗಳಲ್ಲಿ ಇಂಥ ದಾರದ ತುಂಡು ಅಂಟಿಸಿರುತ್ತಾರೆ. ಎರಡು ಬದಿಯ ದಾರವೂ ಹಿಂದಕ್ಕೆ ನೆಟ್ಟಗೆ ಹರಿಯುತ್ತಿದ್ದರೆ ಎಲ್ಲ ಸರಿ. ಗಾಳಿ ಬರುವ ಬದಿಯ ದಾರ ಮೇಲಕ್ಕೆದ್ದು ಕುಣಿದರೆ ಮೂತಿ ಗಾಳಿಗೆ ಅತಿ ಹತ್ತಿರವಾಗಿದೆ, ಸ್ವಲ್ಪ ಬಿಡಿ. ಮರೆಯ ಬದಿಯ ದಾರ ಸೋತು ಇಳಿಬಿದ್ದರೆ ಅತಿ ದೂರ ಬಿಟ್ಟಿದ್ದೀರಿ, ಇಲ್ಲವೇ ಹಾಯಿ ಅತಿ ಬಿಗಿಯಾಗಿದೆ. ಬಟ್ಟೆ ತೆಳುವಾಗಿದ್ದರೆ ಬಿಸಿಲಲ್ಲಿ ಆಚೆ ಬದಿಯ ದಾರದ ನೆರಳೂ ಕಾಣುತ್ತದೆ. ಚುಕ್ಕಾಣಿ ಹಿಡಿದವರ ಕಣ್ಣು ಆ ದಾರಗಳ ಮೇಲೇ ಇರಬೇಕು.

ಜೋರು ಗಾಳಿಗೆ ಸುರುಳಿ ಸುತ್ತಿ ಅರ್ಧ ಮಾಡಿದ ಮುಂದಿನ ಹಾಯಿಗಿಂತ, ಅದೇ ಅಳತೆಗೆ ಹೊಲಿದ ಚಿಕ್ಕ ಹಾಯಿ ಎಷ್ಟೋ ಮೇಲು.

ದೋಣಿ ವಾಲಿದಷ್ಟೂ ವೇಗ ಬಂದಂತೆ ಅನ್ನಿಸುತ್ತದೆ. ಅನ್ನಿಸುವುದಷ್ಟೇ. 20 ಡಿಗ್ರಿ ದಾಟಿ ವಾಲಿದರೆ ಮೂತಿ ತಾನಾಗಿ ಗಾಳಿಯ ಕಡೆ ತಿರುಗಲು ಜಗ್ಗುತ್ತದೆ. ಅದನ್ನು ತಡೆಯಲು ಚುಕ್ಕಾಣಿಯನ್ನು ಅಡ್ಡಹಿಡಿಯಬೇಕು. ಐದಾರು ಡಿಗ್ರಿಗಿಂತ ಹೆಚ್ಚು ಅಡ್ಡವಾದ ಚುಕ್ಕಾಣಿ ಬ್ರೇಕಿನ ಕೆಲಸ ಮಾಡುತ್ತದೆ. ಉದ್ದ ಕೀಲಿನ ದೋಣಿಯಲ್ಲಿ ಇದು ತೋಳು ಸೋಲುವಷ್ಟು ಭಾರ. ಮದ್ದು: ದೊಡ್ಡ ಹಾಯಿಯನ್ನು ಬೇಗನೆ ಕುಗ್ಗಿಸಿ, ಚಪ್ಪಟೆ ಮಾಡಿ. ಸುಹೇಲಿಯಂಥ ಎರಡು ಕಂಬದ ದೋಣಿಯಾದರೆ ಹಿಂದಿನ ಚಿಕ್ಕ ಹಾಯಿಯನ್ನು ಮೊದಲು ಇಳಿಸಿ. ಆಗಲೂ ಜಗ್ಗುತ್ತಿದ್ದರೆ ಹಾಯಿಕಂಬದ ತುದಿಯನ್ನು ಕೆಲವು ಸೆಂಟಿಮೀಟರ್ ಮುಂದಕ್ಕೆ ವಾಲಿಸಿ ನೋಡಬೇಕು.

10 ಮಿಲಿಮೀಟರ್ ದಪ್ಪದ ಲಂಗರು ಸರಪಳಿ ಮೀಟರಿಗೆ ಸುಮಾರು 2.2 ಕಿಲೋ. 60 ಮೀಟರ್ ಇದ್ದರೆ 130 ಕಿಲೋ, ಅದೂ ಮೂತಿಯ ತುದಿಯಲ್ಲಿ! ಪ್ರತಿ ಅಲೆಗೂ ಮೂತಿ ಧಡ್ಡನೆ ಬಿದ್ದು ದೋಣಿ ಇದ್ದಲ್ಲೇ ಕುಣಿಯುತ್ತದೆ. ದೂರದ ಪಯಣಕ್ಕೆ ಮೊದಲು ಸರಪಳಿಯನ್ನು ನಡುಭಾಗಕ್ಕೆ, ತಳಕ್ಕೆ ಸರಿಸುವ ನಾವಿಕರು ಸುಮ್ಮನೆ ಬೆವರು ಹರಿಸುತ್ತಿಲ್ಲ. ಡೆಕ್ಕಿನ ಮೇಲೆ ಕಟ್ಟಿದ ಚಿಕ್ಕ ದೋಣಿ, ಡಬ್ಬಗಳು, ಬೇಡದ ಹಗ್ಗ, ಬಟ್ಟೆಯ ಮರೆ ಎಲ್ಲವೂ ಎದುರುಗಾಳಿಗೆ ಎದೆಯೊಡ್ಡಿ ತಡೆಯುತ್ತವೆ. ಅವೂ ಒಳಗೆ ಹೋಗಲಿ.

ಓರೆ ಬದಲಿಸುವಾಗ ಉದ್ದ ಕೀಲಿನ ದೋಣಿ ಗಡಿಬಿಡಿಗೆ ಬಗ್ಗುವುದಿಲ್ಲ. ಚುಕ್ಕಾಣಿಯನ್ನು ಸರಕ್ಕನೆ ತಳ್ಳಿದರೆ ಅರ್ಧ ತಿರುಗಿ ಗಾಳಿಯ ಎದುರಿಗೇ ಸಿಕ್ಕಿಕೊಂಡು ನಿಲ್ಲುತ್ತದೆ. ಮೊದಲು ಮೂತಿಯನ್ನು ಸ್ವಲ್ಪ ಬಿಟ್ಟು ವೇಗ ಕೂಡಿಸಬೇಕು, ಅಲೆಗಳ ನಡುವೆ ಸಮನಾದ ನೀರು ನೋಡಬೇಕು, ಚುಕ್ಕಾಣಿಯನ್ನು ನಿಧಾನ ತಿರುಗಿಸಬೇಕು, ಮುಂದಿನ ಹಾಯಿಯ ಹಗ್ಗವನ್ನು ಮೂತಿ ಗಾಳಿ ದಾಟುವವರೆಗೂ ಬಿಡಬಾರದು. ಹಿಂದಿನಿಂದ ಗಾಳಿ ತುಂಬಿದ ಆ ಹಾಯಿಯೇ ಮೂತಿಯನ್ನು ತಳ್ಳಿ ತಿರುಗಿಸುತ್ತದೆ.

ಅನುಭವಿಗಳು ಎಂಜಿನ್ ಬಳಸಲು ನಾಚುವುದಿಲ್ಲ. ಎದುರುಗಾಳಿ, ಎದುರಲೆ ಎರಡೂ ಸೇರಿದಾಗ ಎಂಜಿನನ್ನು ಮೆಲ್ಲಗೆ ಓಡಿಸಿ, ದೊಡ್ಡ ಹಾಯಿಯನ್ನೂ ಬಿಗಿದು ಇಟ್ಟರೆ, ಎರಡೂ ಒಂದನ್ನೊಂದು ಬಲಪಡಿಸುತ್ತವೆ. ವೇಗ ಬಂತು, ಕೀಲ್ ಹಿಡಿಯಿತು, ಗಾಳಿಗೆ ಹತ್ತು ಡಿಗ್ರಿ ಹತ್ತಿರವೂ ಹೋಗಬಹುದು.

ಕೀಲನ್ನೇ ಕತ್ತರಿಸಿ ರೆಕ್ಕೆಯಾಕಾರ ಮಾಡಿದರೆ? ಮಾಡಿದವರಿದ್ದಾರೆ. ಆದರೆ ಆ ದೋಣಿಯ ತೂಕ, ಹಾಯಿಯ ಸ್ಥಾನ, ಚುಕ್ಕಾಣಿ, ಸಮತೋಲ ಎಲ್ಲವೂ ಆ ಉದ್ದ ಕೀಲನ್ನು ನಂಬಿ ಲೆಕ್ಕ ಹಾಕಿದ್ದು. ಒಂದನ್ನು ಕಡಿದರೆ ಉಳಿದದ್ದೆಲ್ಲ ತಪ್ಪುತ್ತದೆ. ನೌಕಾಶಿಲ್ಪಿಯ ಲೆಕ್ಕವಿಲ್ಲದೆ ಇದಕ್ಕೆ ಕೈಹಾಕಬಾರದು. ಆ ಖರ್ಚಿನಲ್ಲಿ ಹೊಸ ಹಾಯಿ, ಹೊಸ ಪ್ರೊಪೆಲ್ಲರ್, ನಯವಾದ ತಳ ಮೂರೂ ಬರುತ್ತವೆ.

ಹಾಯಿ ನೇರ ಎದುರು ಹೋಗದು, ಸರಿ. ಗಾಳಿಯಂತ್ರ ಹೋಗುತ್ತದೆ! 2012ರಲ್ಲಿ ಅಮೆರಿಕದ 'ಬ್ಲ್ಯಾಕ್‌ಬರ್ಡ್' ಎಂಬ ಗಾಡಿ, ಎಂಜಿನ್ ಇಲ್ಲದೆ, ತನ್ನ ಮೇಲಿನ ಗಾಳಿಯಂತ್ರದಿಂದಲೇ ಚಕ್ರ ತಿರುಗಿಸಿಕೊಂಡು ಗಾಳಿಗೆ ನೇರ ಎದುರಾಗಿ ಗಾಳಿಯ ಎರಡು ಪಟ್ಟಿಗೂ ಹೆಚ್ಚಿನ ವೇಗದಲ್ಲಿ ಓಡಿತು. ಅದರ ಹಿಡಿತ ಇದ್ದದ್ದು ನೆಲದ ಮೇಲೆ, ಚಕ್ರಗಳ ಮೂಲಕ.

ನಮ್ಮ ಹಿನ್ನೀರಿನ ಮಾತು

ತುಂಗಭದ್ರಾ ಜಲಾಶಯ ತುಂಬಿದಾಗ ನೀರು ಹರಡುವುದು ಸುಮಾರು 378 ಚದರ ಕಿ.ಮೀ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಚಿನ ಊರುಗಳಲ್ಲಿ ನಿಂತರೆ ಆಚೆ ದಡ ಮಸುಕು. ಅಲೆಯ ಎತ್ತರವನ್ನು ನಿರ್ಧರಿಸುವುದು ಗಾಳಿಯ ಜೋರು ಮಾತ್ರವಲ್ಲ. ತೆರೆದ ನೀರಿನ ಮೇಲೆ ಅದು ಎಷ್ಟು ದೂರ ತಡೆಯಿಲ್ಲದೆ ಬೀಸಿ ಬಂದಿದೆ ಎಂಬುದೂ ಅಷ್ಟೇ ಮುಖ್ಯ. ಹಾಗಾಗಿ ಗಾಳಿ ಹುಟ್ಟುವ ದಡದಲ್ಲಿ ನೀರು ಕನ್ನಡಿಯಂತೆ ಸಮವಾಗಿದ್ದು, ಒಂದೆರಡು ಕಿಲೋಮೀಟರ್ ಒಳಗೆ ಹೋದಾಗ ಅಲೆ ಏಳುತ್ತದೆ. ದಡದಿಂದ ನೋಡಿದವರಿಗೆ ಇದು ತಿಳಿಯುವುದಿಲ್ಲ.

ಕೀಲ್ ಇಲ್ಲದ ತೆಪ್ಪಕ್ಕೆ ಇದೇ ದೊಡ್ಡ ಅಪಾಯ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ನೀರಿನ ಕಡೆ ಬೀಸುತ್ತಿದ್ದರೆ ಹೋಗುವುದು ಹಗುರ, ಮರಳುವುದು ಎದುರುಗಾಳಿಗೆ. ಹುಟ್ಟು ಹಾಕುವ ಕೈ ಸೋತ ಕ್ಷಣದಿಂದ ತೆಪ್ಪ ಗಾಳಿಯ ಪಾಲು. ಭರತ ಹುಣ್ಣಿಮೆಯ ವೇಳೆಗೆ ಮೈಲಾರಕ್ಕೆ ಹೊಳೆ ದಾಟುವವರಿಗೂ, ಹಿನ್ನೀರಿಗೆ ಬಲೆ ಬೀಸಲು ಹೋಗುವವರಿಗೂ, ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹರಿಗೋಲು ಹತ್ತುವವರಿಗೂ ಒಂದು ವಿನಂತಿ. ಹತ್ತುವ ಮೊದಲು ಒಂದು ಹಿಡಿ ಒಣಹುಲ್ಲು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗಿದೆ ನೋಡಿ. ಗಾಳಿ ದಡದಿಂದ ನೀರಿಗೆ ಜೋರಾಗಿ ಬೀಸುತ್ತಿದ್ದರೆ ಅಂದು ಹೋಗಬೇಡಿ. ಹೋಗಲೇಬೇಕಾದರೆ ಲೈಫ್ ಜಾಕೆಟ್ ಕೇಳಿ, ತೊಟ್ಟು, ಅದರ ಪಟ್ಟಿಗಳನ್ನು ಬಿಗಿದುಕೊಂಡೇ ಹತ್ತಿ.